ಅಜ್ಜಿಯ ದಾಸವಾಳಕ್ಕೆ ವಯಸ್ಸೆಷ್ಟು?

ಅಜ್ಜಿ ನೆಟ್ಟ ದಾಸವಾಳದಿಂದ ಅಮ್ಮ ಒಂದು ಕಡ್ಡಿ ಒಯ್ಯುತ್ತಾಳೆ, ಅಮ್ಮನ ಗಿಡದಿಂದ ಮಗಳು. ಮೂರು ಮನೆ, ಮೂರು ಅಂಗಳ, ಗಿಡ ಮಾತ್ರ ಒಂದೇ. ಕಡ್ಡಿಯಿಂದ ಎದ್ದದ್ದು ತಾಯಿಗಿಡದ್ದೇ ತುಂಡು. ಎಸಳಿನ ಬಣ್ಣ, ನಡುವಿನ ಕಡುಗೆಂಪು ಮಚ್ಚೆ ಎಲ್ಲ ಹಾಗೇ ಬರುತ್ತವೆ. ಹಾಗಾದರೆ ಮಗಳ ಕುಂಡದಲ್ಲಿರುವ ಗಿಡದ ವಯಸ್ಸನ್ನು ಯಾವಾಗಿನಿಂದ ಎಣಿಸಬೇಕು?

ಕಡ್ಡಿ ಸರಿಯಾಗಿ ಆರಿಸಿದರೆ ಅರ್ಧ ಕೆಲಸ ಮುಗಿಯಿತು. ಎಳೆ ಹಸಿರು ತುದಿ ಬಾಡಿಹೋಗುತ್ತದೆ, ಮುದಿ ಕೊಂಬೆ ಬೇರು ಬಿಡಲು ತಿಣುಕುತ್ತದೆ. ಬೇಕಾದದ್ದು ನಡುವಯಸ್ಸಿನದು: ಪೆನ್ಸಿಲ್ ದಪ್ಪ, ಆರೇಳು ಇಂಚು ಉದ್ದ, ಮೂರ್ನಾಲ್ಕು ಗೆಣ್ಣು. ಬುಡವನ್ನು ಗೆಣ್ಣಿನ ತುಸು ಕೆಳಗೆ ಓರೆಯಾಗಿ, ಮೇಲ್ತುದಿಯನ್ನು ನೇರವಾಗಿ ಕತ್ತರಿಸಿದರೆ ಯಾವುದು ತಲೆ, ಯಾವುದು ಕಾಲು ಎಂಬ ಗೊಂದಲವಿರದು. ತಲೆಕೆಳಗಾಗಿ ನೆಟ್ಟದ್ದು ಬದುಕುವುದು ಅಪರೂಪ. ಮೊಂಡು ಕತ್ತರಿ ಕಡ್ಡಿಯನ್ನು ಜಜ್ಜುತ್ತದೆ, ಕೊಳೆ ಅಲ್ಲಿಂದಲೇ ಶುರು. ತುದಿಯಲ್ಲಿ ಒಂದೆರಡು ಎಲೆ ಸಾಕು, ಅಗಲವಾಗಿದ್ದರೆ ಅವನ್ನೂ ಅರ್ಧ ಕತ್ತರಿಸಿ. ಎರಡು ಗೆಣ್ಣು ಮಣ್ಣೊಳಗೆ ಹೋಗಲಿ. ಅರ್ಧ ಮಣ್ಣು, ಅರ್ಧ ಮರಳು. ಗೊಬ್ಬರ ಈಗಲೇ ಬೇಡ, ಬೇರಿಲ್ಲದವನಿಗೆ ಊಟ ಬಡಿಸಿ ಏನು ಪ್ರಯೋಜನ?

ಮುಂದಿನದೇ ಮೋಸದ ಕಾಲ. ಎರಡು ವಾರದೊಳಗೆ ಚಿಗುರು ಇಣುಕುತ್ತದೆ, ಮನೆಮಂದಿಗೆಲ್ಲ ಸಂಭ್ರಮ, ಕುಂಡ ಬಿಸಿಲಿಗೆ ಹೋಗುತ್ತದೆ, ಎರಡೇ ದಿನಕ್ಕೆ ಚಿಗುರು ಜೋಲು. ಆ ಚಿಗುರು ಕಡ್ಡಿಯ ಹಳೆಯ ಉಳಿತಾಯದಲ್ಲಿ ಬಂದದ್ದು, ಬೇರು ಇನ್ನೂ ಹುಟ್ಟಿರಲಿಲ್ಲ. ಐದಾರು ವಾರ ನೆರಳಲ್ಲೇ ಇರಲಿ. ಬೇರು ಬಂತೇ ಎಂದು ಎಳೆದು ನೋಡುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಎಳೆದಾಗ ಮುರಿಯುವುದು ಆಗಷ್ಟೇ ಮೂಡಿದ ಬಿಳಿ ಬೇರು. ಬುಡ ಕಪ್ಪಾಗಿ ಮೆತ್ತಗಾಗಿದ್ದರೆ ನೀರು ಹೆಚ್ಚಾಗಿದೆ, ತೊಗಟೆ ಸುಕ್ಕುಗಟ್ಟಿದ್ದರೆ ಕಡಿಮೆಯಾಗಿದೆ.

ಗುಲಾಬಿಯದು ಬೇರೆಯೇ ತಕರಾರು. ಅಪ್ಪ ಮೆಚ್ಚಿ ತಂದದ್ದು ಬಹುಪಾಲು ಕಸಿ ಗಿಡವೇ ಆಗಿರುತ್ತದೆ: ಕೆಳಗೆ ಬೇರು ಕೊಡುವ ಬೇರುಗಿಡ, ಅದರ ಮೇಲೆ ಬೆಸೆದ ಗುಲಾಬಿ, ಬೆಸೆದಲ್ಲಿ ಕಸಿಗಂಟು. ಕಸಿಗಂಟಿನ ಕೆಳಗಿಂದ ಎದ್ದ ಚಿಗುರನ್ನು ‘ಎಷ್ಟು ಜೋರಾಗಿ ಬೆಳೀತಿದೆ’ ಎಂದು ಬಿಟ್ಟರೆ, ಒಂದೆರಡು ವರ್ಷದಲ್ಲಿ ಮೇಲಿನ ಗುಲಾಬಿ ಸೊರಗಿ, ಬೇರುಗಿಡದ ಪುಟ್ಟ ಹೂಗಳು ಮಾತ್ರ ಉಳಿಯುತ್ತವೆ. ಅಂಥ ಚಿಗುರನ್ನು ಮಣ್ಣು ಸರಿಸಿ, ಹುಟ್ಟಿದಲ್ಲಿಂದಲೇ ಕಿತ್ತುಹಾಕಬೇಕು; ನೆಲಮಟ್ಟಕ್ಕೆ ಕತ್ತರಿಸಿದರೆ ಒಂದರ ಜಾಗದಲ್ಲಿ ನಾಲ್ಕು ಏಳುತ್ತವೆ.

ಬೀಜದ ಹೂಗಳಿಗೆ ಇಷ್ಟು ನಿಷ್ಠೆಯಿಲ್ಲ. ಹೈಬ್ರಿಡ್ ಚೆಂಡುಹೂವಿನ ಬೀಜ ಬಿತ್ತಿದರೆ ತಾಯಿಯ ದಪ್ಪ ಹೂವೇ ಬರುವ ಖಾತ್ರಿಯಿಲ್ಲ. ಕೆಂಪು, ಬಿಳಿ ಸಂಜೆಮಲ್ಲಿಗೆ ಬೆರೆತರೆ ಗುಲಾಬಿ ಬಣ್ಣದ್ದೂ ಹುಟ್ಟೀತು. ಬಣ್ಣ ಮುಂದುವರಿಯಲೇಬೇಕು ಎನ್ನುವವರು ಕಡ್ಡಿಯನ್ನೇ ನಂಬಬೇಕು.

ಒಂದು ಎಚ್ಚರಿಕೆ. ತಾಯಿಗಿಡದ ತುಂಡೇ ಆದ್ದರಿಂದ ಅದರ ಕಾಯಿಲೆಯೂ ಬಳುವಳಿಯಾಗಿ ಬರುತ್ತದೆ. ಎಲೆ ಮುರುಟಿದ ಗಿಡದಿಂದ ಕಡ್ಡಿ ತೆಗೆಯಬೇಡಿ. ಗೆಣ್ಣಿನ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟುತಿಗಣೆ. ತೊಳೆದು, ಒರೆಸಿ, ಆಮೇಲೆ ನೆಡಿ. ನೆಡುವಾಗಲೇ ಇನ್ನೆರಡು ಕಡ್ಡಿ ತಂಗಿಯ ಮನೆಗೂ ಕೊಟ್ಟುಬಿಡಿ. ನಿಮ್ಮ ಗಿಡ ಸತ್ತ ದಿನ ಅಲ್ಲಿಂದ ಮರಳಿ ತರಬಹುದು.