ಕೊಟ್ಟಿಗೆ ಬಟ್ಟೆ, ಓಟಿ ಬಟ್ಟೆ

ನಮ್ಮ ತೀರ್ಥಹಳ್ಳಿ ಕಡೆ ಕೊಟ್ಟಿಗೆ ಬಟ್ಟೆ ಅಂತ ಬೇರೆಯೇ ಇರುತ್ತದೆ. ಹಿತ್ತಲ ಬಾಗಿಲ ಹಿಂದಿನ ಗೂಟ ಅದರ ಜಾಗ. ಸಗಣಿ ಬಾಚಿ, ಹಾಲು ಕರೆದು ಬಂದವರು ಅಲ್ಲೇ ಬಿಚ್ಚಿ ನೇತುಹಾಕಬೇಕು. ಅದೇ ಬಟ್ಟೆಯಲ್ಲಿ ಅಡುಗೆಮನೆ ಹೊಸ್ತಿಲು ತುಳಿದರೆ ಅಮ್ಮ ಸೌಟು ಹಿಡಿದೇ ಎದ್ದು ಬರುತ್ತಾಳೆ.

ನಾನೀಗ ಅಮೆರಿಕದ ಓಹಿಯೋದಲ್ಲಿ ಆಪರೇಷನ್ ಥಿಯೇಟರ್ ನರ್ಸ್. ಇಲ್ಲಿಯ ಕೊಟ್ಟಿಗೆ ಬಟ್ಟೆಗೆ ಸ್ಕ್ರಬ್ಸ್ ಅಂತ ಹೆಸರು. ಆಪರೇಷನ್ನಿಗೆ ಮುಂಚೆ ಕೈ ತಿಕ್ಕಿ ತೊಳೆಯುತ್ತೇವಲ್ಲ, ಆ ತಿಕ್ಕುವುದರಿಂದ ಬಂದ ಹೆಸರು. ಥಿಯೇಟರಿನವರ ಬಟ್ಟೆಯನ್ನು ಆಸ್ಪತ್ರೆಯೇ ಒಗೆಸಿ ಕೊಡುತ್ತದೆ. ವಾರ್ಡಿನವರು ಸಾಮಾನ್ಯವಾಗಿ ತಾವೇ ಕೊಂಡು, ಮನೆಯಲ್ಲೇ ಒಗೆದುಕೊಳ್ಳುತ್ತಾರೆ. ಡ್ಯೂಟಿ ಮುಗಿಸಿ ಎಷ್ಟೋ ಜನ ಅದರಲ್ಲೇ ಸೀದಾ ಅಂಗಡಿಗೆ ಹೋಗಿ ಟೊಮೆಟೊ ಹಿಸುಕಿ ನೋಡುತ್ತಿರುತ್ತಾರೆ! ನಾನು ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತೇನೆ. ಯಾರು ಏನೇ ಅನ್ನಲಿ, ಈ ವಿಷಯದಲ್ಲಿ ನಮ್ಮ ಹಿತ್ತಲ ಗೂಟವೇ ಸರಿ.

ಇನ್ನು ಲಾಡಿಯ ಕಥೆ. ಒಂದಿನ ಬೆಳಿಗ್ಗೆ ಕಪಾಟಿನಲ್ಲಿ ಉಳಿದಿದ್ದು ಡಬಲ್ ಎಕ್ಸೆಲ್ ಪ್ಯಾಂಟ್ ಮಾತ್ರ. ನಾನೋ ಅಡಿಕೆ ಮರದ ಹಾಗೆ. ಗಂಟು ಹಾಕಿಕೊಂಡೆ, ಕೈ ತೊಳೆದೆ, ಗೌನು, ಗ್ಲೌಸ್ ಎಲ್ಲ ಆಯಿತು. ಆಗ ಗಂಟು ಸಡಿಲ! ಗ್ಲೌಸ್ ಹಾಕಿದ ಕೈ ಸೊಂಟದಿಂದ ಕೆಳಗೆ ಇಳಿಯುವಂತಿಲ್ಲ. ನನ್ನ ಪ್ಯಾಂಟನ್ನು ನಾನೇ ಮುಟ್ಟುವ ಹಾಗಿಲ್ಲ. ಮಡಿಯುಟ್ಟ ಅಜ್ಜಿ ಮೊಮ್ಮಕ್ಕಳನ್ನು ಕರೆಯುವ ಹಾಗೆ ಮೆಲ್ಲಗೆ ಸಹೋದ್ಯೋಗಿಯನ್ನು ಕರೆದೆ. ಆಕೆ ಹಿಂದಿನಿಂದ ಬಂದು ಗೌನಿನೊಳಗೆ ಕೈ ಹಾಕಿ ಬಿಗಿದು ಕಟ್ಟಿದಳು. ಸರ್ಜನ್ ತಲೆ ಎತ್ತಲಿಲ್ಲ. ಮಾಸ್ಕಿನೊಳಗೆ ನಗುತ್ತಿದ್ದರು ಅಂತ ನನ್ನ ಗುಮಾನಿ.

ಮೊದಲೆಲ್ಲ ಥಿಯೇಟರಿನಲ್ಲಿ ಬಿಳಿ ಬಟ್ಟೆಯಿತ್ತು. ದೀಪದ ಬೆಳಕು ಅದಕ್ಕೆ ಹೊಡೆದು ಕಣ್ಣು ಕುಕ್ಕುತ್ತಿತ್ತು. 1914ರ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೋದ ಹ್ಯಾರಿ ಶೆರ್ಮನ್ ಎಂಬ ಸರ್ಜನ್ ಪಾಲಕ್ ಸೊಪ್ಪಿನ ಹಸಿರು ತಂದರು. ಕೆಂಪು ನೋಡಿ ನೋಡಿ ದಣಿದ ಕಣ್ಣಿಗೆ ಹಸಿರು ಹಿತ. ರಕ್ತ ಬಿದ್ದರೂ ಕಂದಾಗಿ ಕಾಣುತ್ತದೆ.

ಹೋದ ಮಳೆಗಾಲ ಊರಿಗೆ ಹೋದಾಗ ಅಪ್ಪನಿಗೆ ಒಂದು ಜೊತೆ ಹಸಿರು ಸ್ಕ್ರಬ್ಸ್ ಒಯ್ದೆ (ಅಂಗಡಿಯದ್ದು, ಆಸ್ಪತ್ರೆಯದ್ದಲ್ಲ). ಜೇಬಿನಲ್ಲಿ ಎಲೆಅಡಿಕೆ ಸಂಚಿ ಸರಿಯಾಗಿ ಕೂತಿತು. ಈಗ ತೋಟಕ್ಕೆ ಅದೇ. ಉಂಬಳ (ಜಿಗಣೆ) ಕಚ್ಚಿ ಪ್ಯಾಂಟೆಲ್ಲ ರಕ್ತವಾದರೂ ಅಮ್ಮನಿಗೆ ಗಾಬರಿಯಿಲ್ಲ, ಅಡಿಕೆ ಚೊಗರಿನ ಕಲೆ ಅಂದುಕೊಳ್ಳುತ್ತಾಳೆ. ಅದನ್ನೂ ಹಿತ್ತಲ ಗೂಟಕ್ಕೇ ಹಾಕಿಸುತ್ತಾಳೆ.