ಚೀಲಕ್ಕೆ ದಂಡ, ಫ್ಲೆಕ್ಸಿಗೆ ದಾರಿ

14 ವರ್ಷಗಳಿಂದ ಇಂಗ್ಲೆಂಡಿನ ಮಧ್ಯಭಾಗದ ಪಟ್ಟಣವೊಂದರಲ್ಲಿರುವ ನಾನು ಕಳೆದ ಡಿಸೆಂಬರಿನಲ್ಲಿ ಬೆಳಗಾವಿಗೆ ಬಂದಿದ್ದಾಗ, ಗಣಪತ ಗಲ್ಲಿಯಲ್ಲಿ ಸೇವಂತಿಗೆ ಮಾಲೆಯ ದರ ಕೇಳುತ್ತ ನಿಂತಿದ್ದೆ. ಪ್ಲಾಸ್ಟಿಕ್ ತಪಾಸಣೆಗೆಂದು ಬಂದ ಮೂವರು ಸಿಬ್ಬಂದಿ ಹೂವಿನಾಕೆಯ ಬುಟ್ಟಿಯಡಿಯಿಂದ ತೆಳು ಚೀಲಗಳ ಕಟ್ಟನ್ನು ಎಳೆದುಕೊಂಡು, 500 ರೂಪಾಯಿಯ ರಸೀದಿ ಹರಿದು ಕೈಗಿತ್ತರು. "ನನಗೇನ್ ಗೊತ್ತರೀ, ಅಂಗಡ್ಯಾಗ ಮಾರ್ತಾರ, ತಂದೀನಿ" ಎಂದ ಆಕೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 120 ಮೈಕ್ರಾನಿಗಿಂತ ತೆಳ್ಳಗಿನ ಚೀಲ ನಿಷಿದ್ಧವೆಂಬುದು ನಿಜ. ಆದರೆ ಬೆರಳ ತುದಿಯಿಂದ ಮೈಕ್ರಾನ್ ಅಳೆಯುವ ವಿದ್ಯೆ ಹೂ ಕಟ್ಟುವವರಿಗೆ ಇರಬೇಕೆಂದು ನಿರೀಕ್ಷಿಸುವುದು ಅತಿಯಾಯಿತು.

ಅದೇ ಸಂಜೆ ಹಲಗಾದ ಕಡೆಗೆ ಹೋದೆ. ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆದಿತ್ತು, ದಾರಿಯುದ್ದಕ್ಕೂ ಕಂಬಕ್ಕೊಂದು ಸ್ವಾಗತದ ಫ್ಲೆಕ್ಸ್ ತೂಗುತ್ತಿತ್ತು. ಕರ್ನಾಟಕ ಸರ್ಕಾರ 2016ರ ಮಾರ್ಚಿನಲ್ಲಿ ಹೊರಡಿಸಿದ ನಿಷೇಧದ ಆದೇಶದಲ್ಲಿ ಚೀಲದ ಜೊತೆಗೇ ಪ್ಲಾಸ್ಟಿಕ್ ಬ್ಯಾನರ್ ಮತ್ತು ಫ್ಲೆಕ್ಸಿನ ಹೆಸರೂ ಇದೆ. ಹೀಗೆ ಒಂದೇ ಆದೇಶದ ಒಂದು ಶಬ್ದ ಮಾರುಕಟ್ಟೆಯಲ್ಲಿ ಚುರುಕಾಗಿದ್ದು, ಪಕ್ಕದ ಶಬ್ದ ಕಾನೂನು ಮಾಡುವವರ ಬಾಗಿಲಲ್ಲೇ ಮಲಗಿತ್ತು.

ಇದನ್ನು ಕೆಳಗಿನ ಸಿಬ್ಬಂದಿಯ ಅಂಜಿಕೆ ಎಂದಷ್ಟೇ ತಿಳಿದಿದ್ದ ನನಗೆ, ಕಾಯ್ದೆಯನ್ನು ಓದಿದ ಮೇಲೆ ಬೇರೆಯೇ ಅನಿಸಿತು. ಆ ಆದೇಶಕ್ಕೆ ಆಧಾರವಾದ 1986ರ ಪರಿಸರ ಸಂರಕ್ಷಣಾ ಕಾಯ್ದೆಗೆ 2023ರ ಜನ ವಿಶ್ವಾಸ್ ಕಾಯ್ದೆಯ ಮೂಲಕ ತಂದ ತಿದ್ದುಪಡಿಯ ಪ್ರಕಾರ, ನಿಯಮ ಮೀರಿದವರಿಗೆ 10 ಸಾವಿರದಿಂದ 15 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ತಪ್ಪು ಸರ್ಕಾರದ ಇಲಾಖೆಯದಾದರೆ ಮಾತ್ರ ಅದರ ಮುಖ್ಯಸ್ಥರು ಕಟ್ಟಬೇಕಾದುದು ತಮ್ಮ ಒಂದು ತಿಂಗಳ ಮೂಲ ವೇತನ. ಅದೂ ತನಗೆ ತಿಳಿಯದೆ ನಡೆಯಿತೆಂದು ಸಾಬೀತುಪಡಿಸಿದರೆ ಇಲ್ಲ. ಹೂವಿನಾಕೆ ಹೇಳಿದ್ದೂ ಇದನ್ನೇ ಅಲ್ಲವೇ? ಆಕೆಯ ಬಾಯಲ್ಲಿ ನೆಪವೆನಿಸಿದ "ಗೊತ್ತಿರಲಿಲ್ಲ" ಎಂಬ ಮಾತು ಸಾಹೇಬರಿಗೆ ಕಲಮಿನಲ್ಲೇ ಬರೆದಿಟ್ಟ ರಕ್ಷಣೆಯಾಗಿದೆ.

ನಾನಿರುವ ದೇಶವೇನೂ ತೊಳೆದ ಮುತ್ತಲ್ಲ, ಅಲ್ಲಿನ ನದಿಗಳಿಗೂ ಚರಂಡಿ ನೀರು ಬೀಳುತ್ತದೆ. ಆದರೆ ಅಲ್ಲಿನ 1990ರ ಪರಿಸರ ಕಾಯ್ದೆಯ 91ನೇ ಕಲಮು ನನಗೆ ಬಹಳ ಹಿಡಿಸಿದೆ. ಬೀದಿಯ ಕಸದಿಂದ ತೊಂದರೆಗೊಳಗಾದ ಯಾವನೇ ಆಗಲಿ, ಐದು ದಿನ ಮುಂಚಿತವಾಗಿ ಲಿಖಿತ ನೋಟಿಸು ಕೊಟ್ಟು, ಕಸ ತೆಗೆಯಬೇಕಾದ ಸ್ಥಳೀಯ ಆಡಳಿತವನ್ನೇ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದು. ದೂರು ಕೊಟ್ಟ ಮೇಲೆ ಅವರು ಅವಸರದಲ್ಲಿ ಕಸ ಎತ್ತಿದರೂ, ದೂರಿಗೆ ತಕ್ಕ ಕಾರಣವಿತ್ತೆಂದು ಕಂಡುಬಂದರೆ ದೂರುದಾರನ ಖರ್ಚನ್ನು ಕೊಡಲೇಬೇಕು. ನಮ್ಮ ಮನೆ ಹಿಂದಿನ ಓಣಿಯಲ್ಲಿ ಎರಡು ತಿಂಗಳು ಕೊಳೆತ ಹಾಸಿಗೆಗಳ ರಾಶಿಯ ಬಗ್ಗೆ ನಾನು ಹತ್ತು ಸಾಲಿನ ನೋಟಿಸು ಬರೆದೆ. ಮೂರನೆಯ ದಿನ ಲಾರಿ ಬಂತು. ಅದೇ ಊರಿನಲ್ಲಿ ನಾನು ಸಿಗರೇಟಿನ ತುಂಡು ಬಿಸಾಡಿದರೂ ದಂಡ ತಪ್ಪದು, ಅದಕ್ಕೆ ನನ್ನ ತಕರಾರೂ ಇಲ್ಲ, ಏಕೆಂದರೆ ಅಲ್ಲಿ ಚೀಟಿ ಎರಡೂ ಕಡೆಯಿಂದ ಹರಿಯುತ್ತದೆ. ನಮ್ಮಲ್ಲಿ 1986ರ ಕಾಯ್ದೆಯ 19ನೇ ಕಲಮು ಸಾಮಾನ್ಯನಿಗೂ ನ್ಯಾಯಾಲಯದ ದಾರಿ ತೋರಿಸಿತ್ತು, ಆದರೆ ಅದಕ್ಕೆ 60 ದಿನಗಳ ನೋಟಿಸು ಬೇಕಿತ್ತು. ಅಧಿವೇಶನ ಅಷ್ಟು ದಿನ ನಡೆಯುವುದೇ ಇಲ್ಲ.

ಹಿಂದಿರುಗುವ ಮುನ್ನಾದಿನ ಮತ್ತೆ ಗಣಪತ ಗಲ್ಲಿಗೆ ಹೋದಾಗ ಹೂವಿನಾಕೆ ಹಳೇ ಪತ್ರಿಕೆಯಲ್ಲಿ ಮಾಲೆ ಸುತ್ತಿಕೊಟ್ಟಳು. ತಲೆಯ ಮೇಲೆ ಬಿಸಿಲಿಗೆ ಹೊಸದೊಂದು ಫ್ಲೆಕ್ಸ್ ಕಟ್ಟಿದ್ದಳು. ಅಧಿವೇಶನ ಮುಗಿದ ಮೇಲೆ ಯಾರೋ ಕಂಬದಿಂದ ಬಿಚ್ಚಿಕೊಟ್ಟದ್ದಂತೆ. ಅದರಲ್ಲಿದ್ದ ಮುಖಂಡರು ಕೈಮುಗಿದು ಸೇವಂತಿಗೆಯನ್ನೇ ನೋಡುತ್ತಿದ್ದರು. ಇದಕ್ಕೂ ದಂಡ ಹಾಕಿಯಾರಲ್ಲ ಎಂದೆ. "ಈ ಮಾರಿ ಇರೂತನಕಾ ಯಾರೂ ಮುಟ್ಟಂಗಿಲ್ಲ ಬಿಡ್ರಿ" ಎಂದಳು.