ಒಗ್ಗರಣೆ ಕೈಗೆ ಸಿಕ್ಕ ಹವಾಯಿ ಸಿಗಡಿ

ಅರ್ಧ ಕಿಲೋ ಸಿಗಡಿಗೆ ಎರಡು ಗಡ್ಡೆ ಬೆಳ್ಳುಳ್ಳಿ ಬೇಕು. ಎರಡು ಎಸಳು ಅಂತ ಓದಿಕೊಂಡವರು ಇನ್ನೊಮ್ಮೆ ಓದಿ: ಇಡೀ ಗಡ್ಡೆ, ಎರಡು. ಹವಾಯಿ ಬೆಳ್ಳುಳ್ಳಿ ಸಿಗಡಿಯ ಮೊದಲ ಎಡವಟ್ಟು ಒಲೆ ಹಚ್ಚುವ ಮುಂಚೆಯೇ ಆಗುತ್ತದೆ. 'ಇಷ್ಟೊಂದಾ? ಬರೆದವರು ಎಲ್ಲೋ ತಪ್ಪಿರಬೇಕು' ಎಂದು ಅಡುಗೆಯವರು ತಾವೇ ತಿದ್ದುಪಡಿ ಮಾಡಿ ಆರು ಎಸಳಿಗೆ ಇಳಿಸುತ್ತಾರೆ. ಆಗ ಆಗುವುದು ಸಿಗಡಿ ಫ್ರೈ. ಅದೂ ಒಳ್ಳೆಯ ಪದಾರ್ಥವೇ, ಆದರೆ ಅದಕ್ಕೆ ಹವಾಯಿವರೆಗೆ ಹೋಗಬೇಕಿರಲಿಲ್ಲ, ಕುಂದಾಪುರ ಸಾಕಿತ್ತು.

ಈ ಅಡುಗೆಯ ಊರು ಓಹು ದ್ವೀಪದ ಉತ್ತರ ಕರಾವಳಿಯ ಕಹುಕು. ಅಲ್ಲಿನ ಸಕ್ಕರೆ ಕಾರ್ಖಾನೆ 1971ರಲ್ಲಿ ಬಾಗಿಲು ಹಾಕಿತು. ಮುಂದೆ ಆ ಸುತ್ತಿನಲ್ಲಿ ಸಿಗಡಿ ಸಾಕುವ ಹೊಂಡಗಳು ಬಂದವು, ಆಮೇಲೆ ಕಮೆಹಮೆಹ ಹೆದ್ದಾರಿಯ ಬದಿಗೆ ಸಿಗಡಿ ಮಾರುವ ಟ್ರಕ್ಕುಗಳೂ ನಿಂತವು. ಅವುಗಳಲ್ಲಿ ಹೆಸರಾದ ಜೊವಾನಿಯ ಬಿಳಿ ಟ್ರಕ್ಕಿನ ಮೈತುಂಬ ತಿಂದುಹೋದವರ ಸಹಿ. ನಮ್ಮ ಕೋಟೆ ಗೋಡೆಗಳ ಮೇಲೆ ಪ್ರೇಮಿಗಳು ಹೆಸರು ಕೆತ್ತುವಂತೆ, ಆದರೆ ಇಲ್ಲಿ ಯಾರೂ ಬೈಯುವುದಿಲ್ಲ. ಒಂದು ತಟ್ಟೆಯಲ್ಲಿ ಎರಡು ಗುಂಡು ಅನ್ನ, ಪಕ್ಕದಲ್ಲಿ ಸಿಪ್ಪೆ ಸಮೇತ ಸಿಗಡಿ, ಅದರ ಮೇಲೆ ಬೆಣ್ಣೆ-ಬೆಳ್ಳುಳ್ಳಿ, ಒಂದು ಹೋಳು ನಿಂಬೆ. ನೋಡಿದರೆ ಹದಿನೈದು ನಿಮಿಷದ ಕೆಲಸ. ಹೌದು, ಒಲೆಯ ಮುಂದೆ ಹೆಚ್ಚುಕಮ್ಮಿ ಅಷ್ಟೇ ನಿಮಿಷ. ಕೆಡುವುದಕ್ಕೆ ಅದರಲ್ಲಿ ನಾಲ್ಕು ಸಾಕು.

ಮೊದಲು ಸಿಗಡಿ. ತಲೆ ತೆಗೆದು ಸಿಪ್ಪೆ ಉಳಿಸಿದ, ಅರ್ಧ ಕಿಲೋಗೆ ಇಪ್ಪತ್ತೈದರ ಆಸುಪಾಸು ತೂಗುವ ಗಾತ್ರ ಒಳ್ಳೆಯದು. ಚಿಕ್ಕದಾದರೆ ಸಿಪ್ಪೆ ಬಿಡಿಸುವುದರಲ್ಲೇ ಹಸಿವು ಹೋಗುತ್ತದೆ. ಕತ್ತರಿಯಿಂದ ಬೆನ್ನ ಮೇಲಿನ ಸಿಪ್ಪೆಯನ್ನು ಉದ್ದಕ್ಕೆ ಸೀಳಿ ಕಪ್ಪು ಗೆರೆ ಎಳೆದು ತೆಗೆಯಿರಿ. ಎಲ್ಲರೂ ಅದನ್ನು ನರ ಎನ್ನುತ್ತಾರೆ. ಅದು ಕರುಳು, ಒಳಗಿರುವುದು ಸಿಗಡಿಯ ಕೊನೆಯ ಊಟ. ಸಿಪ್ಪೆಯನ್ನು ಮಾತ್ರ ಬಿಚ್ಚಬೇಡಿ. ಬಾಣಲೆಯ ಬಿಸಿಯನ್ನು ಅದು ತಾನು ತಿಂದು ಮಾಂಸವನ್ನು ಕಾಯುತ್ತದೆ, ಬೆಣ್ಣೆಯೂ ಆ ಸೀಳಿನಲ್ಲಿ ಹೋಗಿ ಕೂರುತ್ತದೆ.

ಫ್ರೀಜರಿನ ಸಿಗಡಿಯಾದರೆ ಪೊಟ್ಟಣ ಸಮೇತ ತಣ್ಣೀರಿನಲ್ಲಿ ಅರ್ಧ ಗಂಟೆ ಇಡಿ. ಬಿಸಿನೀರು ಹುಯ್ದು ಬೇಗ ಮುಗಿಸೋಣ ಎಂದವರ ಸಿಗಡಿ ಹೊರಗೆ ಬೆಂದು ಒಳಗೆ ಐಸ್ ಆಗಿರುತ್ತದೆ. ಕರಗಿದ ಮೇಲೆ ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಿ. ಆಮೇಲೆ ಎರಡು ಚಮಚ ಮೈದಾ, ಎರಡು ಟೀ ಚಮಚ ಪ್ಯಾಪ್ರಿಕಾ, ಅರ್ಧ ಟೀ ಚಮಚ ಉಪ್ಪು ಬೆರೆಸಿ ತೆಳ್ಳಗೆ ಹೊರಳಿಸುವುದು. ಒರೆಸಿಲ್ಲವೋ, ಈ ಮೈದಾ ಪೋಸ್ಟರ್ ಅಂಟಿಸುವ ಗೋಂದಾಗುತ್ತದೆ. ಪ್ಯಾಪ್ರಿಕಾ ಇಲ್ಲದಿದ್ದರೆ ಬ್ಯಾಡಗಿ ಮೆಣಸಿನ ಪುಡಿ ಹಾಕಿ, ಬಣ್ಣಕ್ಕೆ ಮೋಸವಿಲ್ಲ, ಖಾರವೂ ಹದ. ಅದೇ ಅಳತೆಯಲ್ಲಿ ಗುಂಟೂರು ಪುಡಿ ಹಾಕಿದರೆ ಆಮೇಲೆ ಬೆಳ್ಳುಳ್ಳಿ ಎಷ್ಟಿತ್ತು ಎಂಬುದು ಯಾರಿಗೂ ತಿಳಿಯುವುದಿಲ್ಲ.

ನಿಂಬೆರಸದಲ್ಲಿ ನೆನೆಹಾಕುವ ಆಸೆಯನ್ನೂ ತಡೆಯಿರಿ. ಅರ್ಧ ಗಂಟೆ ಹುಳಿಯಲ್ಲಿ ಕೂತ ಸಿಗಡಿ ಬೆಂಕಿಯಿಲ್ಲದೆ ಬಿಳಿಚಿ ಗಟ್ಟಿಯಾಗುತ್ತದೆ. ಜೊತೆಗೆ ಹಸಿ ಬೆಳ್ಳುಳ್ಳಿಯೂ ಇದ್ದರೆ ಅದು ನೀಲಿ-ಹಸಿರಿಗೆ ತಿರುಗಿದರೂ ತಿರುಗೀತು. ತಿಂದರೆ ಏನೂ ಆಗುವುದಿಲ್ಲ, ಅತಿಥಿಗಳನ್ನು ನಂಬಿಸುವುದೇ ಕಷ್ಟ.

ಇನ್ನು ಬೆಳ್ಳುಳ್ಳಿ. ನಮ್ಮ ಕೈಗೆ ಒಗ್ಗರಣೆಯ ಅಭ್ಯಾಸ. ಎಣ್ಣೆ ಹೊಗೆಯಾಡಬೇಕು, ಸಾಸಿವೆ ಸಿಡಿಯಬೇಕು, ಬೆಳ್ಳುಳ್ಳಿ ಬಿದ್ದೊಡನೆ ಕೆಂಪಾಗಬೇಕು, ಸೊಂಯ್ ಎನ್ನಬೇಕು. ಸಾರಿನ ಮೇಲೆ ಹುಯ್ಯುವ ಆರು ಎಸಳಿಗೆ ಅದು ಸರಿ. ಇಪ್ಪತ್ತು ಎಸಳಿಗೆ ಮಾಡಿದರೆ ಇಡೀ ಬಾಣಲೆ ಕಹಿ, ಏಕೆಂದರೆ ಬೆಳ್ಳುಳ್ಳಿಯಲ್ಲಿ ಸಕ್ಕರೆಯ ಜಾತಿಯ ಅಂಶ ಬಹಳ. ಚಿನ್ನದ ಬಣ್ಣದಿಂದ ಕಪ್ಪಿಗೆ ಹೋಗಲು ಅರ್ಧ ನಿಮಿಷ ಸಾಕು. ಕಹಿಯಾದ ಮೇಲೆ ನಿಂಬೆ ಹಿಂಡಿದರೂ ಇಲ್ಲ, ಸಕ್ಕರೆ ಹಾಕಿದರೂ ಇಲ್ಲ. ಎಸೆದು ಮತ್ತೆರಡು ಗಡ್ಡೆ ಸುಲಿಯುವುದೊಂದೇ ದಾರಿ, ಅಷ್ಟರಲ್ಲಿ ಉಗುರೆಲ್ಲ ಉರಿ.

ಚಾಕುವಿನಿಂದ ಸಣ್ಣಗೆ ಕೊಚ್ಚಿ. ಪೇಸ್ಟ್ ಬೇಡ, ತಳ ಹಿಡಿಯುತ್ತದೆ. ಎಂಬತ್ತು ಗ್ರಾಂ ಬೆಣ್ಣೆ, ಒಂದು ಚಮಚ ಎಣ್ಣೆ, ಕೊಚ್ಚಿದ ಬೆಳ್ಳುಳ್ಳಿ ಎಲ್ಲವನ್ನೂ ತಣ್ಣನೆಯ ಬಾಣಲೆಗೇ ಹಾಕಿ ಸಣ್ಣ ಉರಿ ಹಚ್ಚಿ. ಎಂಟು-ಹತ್ತು ನಿಮಿಷ ಸದ್ದೇ ಇರುವುದಿಲ್ಲ, ಸಣ್ಣ ಗುಳ್ಳೆ ಮಾತ್ರ. ಸದ್ದಿಲ್ಲದ ಅಡುಗೆ ನಮಗೆ ತಡೆಯುವುದಿಲ್ಲ, ಕೈ ತಾನಾಗಿಯೇ ಗ್ಯಾಸಿನ ತಿರುಪಿನತ್ತ ಹೋಗುತ್ತದೆ. ಆ ಕೈಗೆ ಅನ್ನದ ಪಾತ್ರೆ ತೊಳೆಯುವ ಕೆಲಸ ಕೊಡಿ. ಒಣಹುಲ್ಲಿನ ಬಣ್ಣ ಬಂದ ಕೂಡಲೇ ಬೆಣ್ಣೆ ಸಮೇತ ಬಟ್ಟಲಿಗೆ ಬಗ್ಗಿಸಿ. ಇನ್ನೊಂದು ಚೂರು ಕೆಂಪಾಗಲಿ ಎಂದು ಕಾಯಬೇಡಿ, ಉಳಿದ ಚೂರನ್ನು ಬಿಸಿ ಬೆಣ್ಣೆಯೇ ಬಟ್ಟಲಲ್ಲಿ ಮುಗಿಸುತ್ತದೆ. ಅಂಗಡಿಯ ಟೇಬಲ್ ಬೆಣ್ಣೆಯಾದರೆ ಅದರಲ್ಲಿ ಉಪ್ಪಿರುತ್ತದೆ, ಮೈದಾಕ್ಕೆ ಹಾಕುವ ಉಪ್ಪನ್ನು ಚಿಟಿಕೆಗೆ ಇಳಿಸಿ.

ಈಗ ಅದೇ ಬಾಣಲೆಗೆ ಎರಡು ಚಮಚ ಎಣ್ಣೆ, ಉರಿ ದೊಡ್ಡದು. ಒಗ್ಗರಣೆ ಕೈಗೆ ಈಗ ರಜೆ ಮುಗಿಯಿತು. ಬೆಣ್ಣೆಯಲ್ಲೇ ಹುರಿಯಬಾರದೇ ಎಂದರೆ, ಅದರಲ್ಲಿರುವ ಹಾಲಿನ ಅಂಶ ಈ ಬಿಸಿಗೆ ಕರಿಯಾಗುತ್ತದೆ. ಸಿಗಡಿಯನ್ನು ಎರಡು ಸರ್ತಿಗೆ ಹಾಕಿ, ಒಂದಕ್ಕೊಂದು ತಾಕದಂತೆ. ಎಲ್ಲವನ್ನೂ ಒಟ್ಟಿಗೆ ಸುರಿದರೆ ನೀರು ಬಿಟ್ಟು ಹುರಿಯುವ ಬದಲು ಬೇಯುತ್ತವೆ, ಮೈದಾ ಕಳಚಿ ಬಿಳಿ ಗಂಜಿಯಾಗುತ್ತದೆ. ಒಂದು ಮಗ್ಗುಲು ಎರಡು ನಿಮಿಷ, ಇನ್ನೊಂದು ಒಂದೂವರೆ. ಮುಚ್ಚಳ ಮುಚ್ಚಬೇಡಿ. 'ಇನ್ನೊಂದೈದು ನಿಮಿಷ ಬೇಯಲಿ, ಸಮುದ್ರದ್ದಲ್ಲವಾ' ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇದ್ದಾರೆ, ಅವರನ್ನು ಟೀವಿ ಮುಂದೆ ಕೂರಿಸಿ. ಸಿಗಡಿ ಬಾಗಿ ಇಂಗ್ಲಿಷಿನ 'ಸಿ' ಅಕ್ಷರವಾದರೆ ಬೆಂದಿದೆ. ಸುರುಳಿ ಸುತ್ತಿ ನಮ್ಮ ಸೊನ್ನೆಯಾದರೆ ಬೆಂದದ್ದು ಹೆಚ್ಚಾಗಿ ರಬ್ಬರಾಗಿದೆ. ಬಣ್ಣ ಮಾತ್ರ ನಂಬಬೇಡಿ, ಒಳಗೆ ಹಸಿಯಿದ್ದಾಗಲೇ ಸಿಪ್ಪೆ ಕಿತ್ತಳೆಗೆ ತಿರುಗಿಬಿಡುತ್ತದೆ.

ಉರಿ ಆರಿಸಿ, ಬಟ್ಟಲಿನ ಬೆಣ್ಣೆ-ಬೆಳ್ಳುಳ್ಳಿ ಸುರಿದು, ಅರ್ಧ ನಿಂಬೆ ಹಿಂಡಿ, ಅರ್ಧ ನಿಮಿಷ ಕೈಯಾಡಿಸಿ. ಕರಿಬೇವು? ಹಾಕಿ, ಚೆನ್ನಾಗಿರುತ್ತದೆ, ಹವಾಯಿ ಎನ್ನಬೇಡಿ ಅಷ್ಟೆ. ಅನ್ನಕ್ಕೆ ಬಾಸ್ಮತಿ ತರಬೇಡಿ. ಅಲ್ಲಿ ಬಳಸುವುದು ತುಸು ಅಂಟುವ ಮಧ್ಯಮ ಗಾತ್ರದ ಅಕ್ಕಿ. ನಮ್ಮಲ್ಲಿ ಸೋನಾ ಮಸೂರಿಯನ್ನು ತುಸು ಮೆತ್ತಗೆ ಮಾಡಿದರೆ ಬೆಣ್ಣೆ ಅದರಲ್ಲಿ ಇಳಿಯುತ್ತದೆ.

ತಿನ್ನುವುದು ಕೈಯಿಂದಲೇ, ಅದರಲ್ಲಿ ನಾವು ಪಳಗಿದವರು. ಮೊದಲು ಸಿಪ್ಪೆಯ ಮೇಲಿನ ಬೆಣ್ಣೆ ಚೀಪಿ, ಆಮೇಲೆ ಬಿಡಿಸುವುದು ಕ್ರಮ. ಫೋನನ್ನು ಬೇರೆ ಕೋಣೆಯಲ್ಲಿಡಿ, ಬೆರಳಚ್ಚಿನಿಂದ ಅದು ಹೇಗೂ ತೆರೆಯುವುದಿಲ್ಲ. ಸಿಪ್ಪೆಗಳನ್ನು ಅಡುಗೆಮನೆಯ ಡಬ್ಬಿಗೆ ಹಾಕಿ ಮಲಗಿದರೆ ಬೆಳಗಿನ ಜಾವ ಮನೆಯವರೆಲ್ಲ ತಾವಾಗಿಯೇ ಏಳುತ್ತಾರೆ. ಕವರಿಗೆ ಕಟ್ಟಿ ಫ್ರೀಜರಿನಲ್ಲಿಟ್ಟು, ಕಸದ ಗಾಡಿಯ ಹಾಡು ಕೇಳಿದ ಮೇಲೆ ತೆಗೆಯಿರಿ. ಕವರಿನ ಮೇಲೆ 'ಸಿಪ್ಪೆ' ಎಂದು ಬರೆಯುವುದನ್ನು ಮರೆಯಬೇಡಿ. ಇಲ್ಲವಾದರೆ ಮುಂದಿನ ಭಾನುವಾರ ಯಾರಾದರೂ ಅದನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ಇಟ್ಟಿರುತ್ತಾರೆ.